ಕಂಬಳಿ ಜೋಲಿ

ಚಾರಣದ ಆ ದಾರಿಯಲ್ಲಿ ಒಬ್ಬರು ಹೋಗುವಷ್ಟೇ ಜಾಗ. ಅದಕ್ಕೆ ಅಡ್ಡ ನಿಂತು ಅವನು ಗೆಳೆಯನಿಂದ ವಿಡಿಯೊ ಮಾಡಿಸಿಕೊಳ್ಳುತ್ತಿದ್ದ. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿದ ಜೋಲಿ ಹೊತ್ತು ಊರಿನವರಿಬ್ಬರು ಕೆಳಗಿನಿಂದ ಬಂದರು.

“ದಾರಿ ಬಿಡಿ ಸಾರ್. ಮೇಲಿನ ಟೀ ಅಂಗಡಿಯಿಂದ ಫೋನ್ ಬಂತು, ಯಾರೋ ಕಾಲು ಮುರ್ಕೊಂಡಿದ್ದಾರೆ.”

“ನಡೆಯೋಕೆ ಬರದ ದಂಡಪಿಂಡಗಳು ಬೆಟ್ಟಕ್ಕೆ ಯಾಕ್ರೀ ಬರ್ತವೆ? ಬಿದ್ದಿರಲಿ, ನಮ್ಮದು ಮುಗೀಲಿ.”

ಅಷ್ಟರಲ್ಲಿ ಅವನ ಕಾಲು ಜಾರಿತು. ಜೋಲಿಯವರಲ್ಲಿ ಹಿರಿಯವನು ಥಟ್ಟನೆ ಅವನ ಮೊಣಕೈ ಹಿಡಿದುಕೊಂಡ.

“ಮುಟ್ಬೇಡ! ಬೆವರು ನಾರ್ತಿದೀಯ.”

“ಸುಮುಖ್, ಇನ್ನೊಂದ್ಸಲ ನಗು,” ಎಂದ ಗೆಳೆಯ.

ಹಿರಿಯವನು ತಲೆಯೆತ್ತಿದ. “ಸುಮುಖ್ ಅನ್ನೋರು ನೀವೇನಾ ಸಾರ್?”

“ಹೌದು. ಏನೀಗ?”

“ಗಾಬರಿಯಾಗ್ಬೇಡಿ. ‘ಹಿಂದೆ ನನ್ನ ಗಂಡ ಸುಮುಖ್ ಬರ್ತಿದ್ದಾರೆ, ಬೇಗ ಹೆದರ್ಕೋತಾರೆ, ಮೆಲ್ಲಗೆ ಹೇಳಿ’ ಅಂದ್ರಂತೆ ಬಿದ್ದೋರು.”