ಏಳು ಚುಕ್ಕೆಗಳು

ಕಂಪ್ಯೂಟರ್ ಪರದೆಯ ಏಳನೆಯ ಕಪ್ಪು ಚುಕ್ಕೆಯ ಮೇಲೆ ಹೆಂಡತಿಯ ಬೆರಳು ನಿಂತುಬಿಟ್ಟಿತು. ಗಂಡನ ಮೈಯ ಗಡ್ಡೆಗಳು ಹೋದ ತಿಂಗಳ ಸ್ಕ್ಯಾನಿನಲ್ಲೂ ಏಳಿದ್ದವು. ನಿನ್ನೆ ಅಷ್ಟು ದೊಡ್ಡ ಇಂಜೆಕ್ಷನ್ ಕೊಟ್ಟ ಮೇಲೂ ಅವೇ ಏಳು, ಅದೇ ಜಾಗದಲ್ಲಿ.

"ಒಂದೂ ಹೋಗಿಲ್ವಲ್ಲ ಡಾಕ್ಟ್ರೇ," ಎಂದಳು. ಮೈಯಲ್ಲಿ ವಿಕಿರಣ ಇರುವವರೆಗೆ ದೂರ ಕೂರಬೇಕೆಂದು ಎರಡು ಮೀಟರ್ ಆಚೆಯ ಕುರ್ಚಿಗೆ ಅಂಟಿಕೊಂಡಿದ್ದ ಗಂಡ, ನಿವೃತ್ತ ಪೋಸ್ಟ್‌ಮ್ಯಾನ್, ಅಲ್ಲಿಂದಲೇ ಕತ್ತು ಉದ್ದ ಮಾಡಿದ.

"ಹೋದ ಸಲ ಕಂಡಿದ್ದು ಔಷಧಿಲಿ ಸೇರಿಸಿದ್ದ, ಗಡ್ಡೆ ಹುಡುಕೋ ವಿಕಿರಣ ಲೋಹ, ಅಮ್ಮಾ," ಎಂದಳು ಡಾಕ್ಟರ್. "ಇವತ್ತು ಕಾಣ್ತಿರೋದು ಗಡ್ಡೆ ಸುಡೋ ಲೋಹ. ನಿನ್ನೆ ಕೊಟ್ಟ ಔಷಧಿ ಎಲ್ಲೆಲ್ಲಿ ಹೋಗಿ ಕೂತಿದೆ ಅಂತ ನೋಡೋಕೇ ಈ ಚಿತ್ರ ತೆಗೆದಿದ್ದು."

ಪೋಸ್ಟ್‌ಮ್ಯಾನ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪರದೆಯಲ್ಲಿ ಅಕ್ಕಪಕ್ಕ ಇದ್ದ ಹೋದ ತಿಂಗಳ, ಇವತ್ತಿನ ಎರಡೂ ಚಿತ್ರಗಳನ್ನು ವಿಳಾಸ ತಾಳೆ ನೋಡುವವನ ಹಾಗೆ ನೋಡಿದ. "ಏಳು ಮನೆಗೂ ಬಟವಾಡೆ ಆಗಿದೆ ಕಣೇ," ಎಂದ. "ಒಂದೇ ದಿನದಲ್ಲಿ, ಒಂದೂ ವಾಪಸ್ ಬರದ ಹಾಗೆ. ಮೂವತ್ನಾಲ್ಕು ವರ್ಷದಲ್ಲಿ ನನ್ನ ಕೈಲಿ ಇದು ಆಗಿದ್ದು ಅಪರೂಪ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆರಳನ್ನು ಮತ್ತೆ ಮೊದಲ ಚುಕ್ಕೆಯ ಮೇಲಿಟ್ಟು ಎಣಿಸತೊಡಗಿದಳು. ಈ ಸಲ ಅವಳಿಗಿದ್ದ ಭಯ ಒಂದೇ, ಏಳರಲ್ಲಿ ಎಲ್ಲಿ ಒಂದು ಕಡಿಮೆಯಾಗಿಬಿಡುತ್ತದೋ ಎಂದು.