ಆಕಾಶದಿಂದ ಇಳಿದ ದರ

"ನಾ ಏನ್ ಮಾಡ್ಲಿ ಬಾಳವ್ವಾ, ಬೆಲ್ಲದ ದರ ಇವತ್ತೂ ಇಳದೈತಿ," ಎಂದ ದಲಾಲಿ ಗುರುಲಿಂಗಪ್ಪ, ಕಂಪ್ಯೂಟರಿನತ್ತ ಬೆರಳು ತೋರಿಸಿ.

ಪೇಟೆಯ ದರ ರೈತರಿಗೂ ತಿಳಿಯಲೆಂದು ಸರ್ಕಾರ ಖರ್ಚು ಹಾಕಿ ಬೆಲ್ಲದ ಬಾಗೇವಾಡಿಗೆ ಕಳಿಸಿದ ಇಂಟರ್ನೆಟ್ ಡಿಶ್, ಹೋಗಿ ಹೋಗಿ ಇವನ ಅಂಗಡಿಯ ಮಾಳಿಗೆಯನ್ನೇ ಏರಿ ಕೂತಿತ್ತು. ಅಂದಿನಿಂದ ದರ ಏರಿದ್ದನ್ನು, ಇಲ್ಲಿಗೇ ಬೆಲ್ಲ ತಂದು ಮಾರುವ ಬಾಳವ್ವ ಕಂಡಿರಲಿಲ್ಲ.

"ಇದು ಈಗ ಬಂದ ದರಾ ಏನ್ರಿ, ಕಾಕಾ?"

"ಈಗಿಂದೀಗ! ಸೀದಾ ಆಕಾಶದಿಂದ ಇಳದೈತಿ. ಸರ್ಕಾರದ ಮಶೀನಿನ ಮ್ಯಾಲೂ ನಿನಗ ಸಂಶಯ ಏನ?"

"ಮಶೀನ ಮ್ಯಾಲ ಇಲ್ರಿ," ಎಂದಳು ಬಾಳವ್ವ, ಹಿಂದೆ ಸರದಿಯಲ್ಲಿದ್ದ ರೈತರಿಗೆಲ್ಲ ಕೇಳುವಂತೆ. "ಮುಂಜಾನೇನ ನಾ ಮಾಳಗಿ ಹತ್ತಿ ಡಿಶ್ಶಿನ ಮಾರಿಗೆ ತಗಡು ಅಡ್ಡ ಇಟ್ಟು ಬಂದೇನಿ. ಇನ್ನೂ ತಗದಿಲ್ಲ."

ಗುರುಲಿಂಗಪ್ಪ ತಲೆಯೆತ್ತಿ ಸೂರು ನೋಡಿದ. ಹೊರಗೆ ಯಾರೋ, ಇಳಿಸಿದ್ದ ಬೆಲ್ಲದ ಪೆಂಟೆಗಳನ್ನು ಮತ್ತೆ ಚಕ್ಕಡಿಗೆ ಹೇರತೊಡಗಿದರು.