ಸದ್ದು ಹೋದ ಕಾರು

"ಸದ್ದು ಇದ್ದರೆ ಇರಲಿ ಬಿಡಮ್ಮ, ನನಗೇನೂ ತೊಂದರೆ ಇಲ್ಲ," ಅಂದರು ಮಾವ, ಮೂರನೇ ಸಲ.

ಹಳೇ ಕಾರಿನ ಮುಂದಿನ ಗಾಲಿ ಬಿಚ್ಚಿ, ಸವೆದ ಬುಷ್ ಕೀಳುತ್ತಿದ್ದ ವೈಜಯಂತಿಗೆ ನಗು ಬಂತು. "ತಿರುವಿನಿಂದಲೇ ಕಟಕಟ ಅಂತ ಬೀದಿಗೆಲ್ಲ ಡಂಗುರ ಸಾರುತ್ತೆ ಮಾವ! ನಾಳೆ ಡಾಕ್ಟರ ಹತ್ತಿರ ಆರಾಮಾಗಿ ಹೋಗೋಣ. ಇಷ್ಟು ಪಥ್ಯ ಮಾಡಿದರೂ ನಿಮ್ಮ ಸಕ್ಕರೆ ಯಾಕೆ ಇಳೀತಿಲ್ಲ ಅಂತ ಕೇಳಬೇಕು."

"ನನ್ನ ಬಾಯಿ ಕಟ್ಟಿದ್ದು ಸಾಲದು ಅಂತ ಕಾರಿನದ್ದೂ ಕಟ್ತೀಯಾ?"

ಸಂಜೆಯೊಳಗೆ ಹೊಸ ಬುಷ್ಷು, ಹೊಸ ಶಾಕ್ ಅಬ್ಸಾರ್ಬರು ಎರಡೂ ಕಡೆ ಕೂತವು. ಒಂದು ಸುತ್ತು ಹೋಗಿಬಂದಳು. ಕಾರು ಬೆಕ್ಕಿನ ಹಾಗೆ ಬಂದು ಮನೆ ಮುಂದೆ ನಿಂತಿತು.

"ಒಂಚೂರೂ ಸದ್ದಿಲ್ಲ ಮಾವ!" ಎನ್ನುತ್ತಾ ಬಾಗಿಲು ತಳ್ಳಿದಳು.

ಮಾವನ ಕೈಯಿಂದ ಅರ್ಧ ಕಚ್ಚಿದ ಜಹಾಂಗೀರು ಜಾರಿ ನೆಲಕ್ಕೆ ಬಿತ್ತು.